ಯಾರ ಮನೇದು ಈ ಕಸ?

ತಿಂಗಳಿಗೊಂದು ಭಾನುವಾರ ನನಗೆ ಮನೆ ಕ್ಲೀನ್ ಮಾಡುವ ಹುಚ್ಚು ಹಿಡಿಯುತ್ತದೆ. ಬೆಳಗ್ಗೆ ಕಾಫಿ ಕುಡೀತಾ ಕೂತಿರುವಾಗ ಫ್ಯಾನಿನ ರೆಕ್ಕೆ ಮೇಲಿನ ಧೂಳು ಕಣ್ಣಿಗೆ ಬೀಳುತ್ತೆ. ಅಷ್ಟೇ. ಸ್ಟೂಲ್ ಬರುತ್ತೆ, ಹಳೇ ಬನಿಯನ್ನು ಬರುತ್ತೆ, ಬಕೆಟ್ಟಿಗೆ ಎರಡು ಮುಚ್ಚಳ ಫಿನಾಯಿಲ್ ಬೀಳುತ್ತೆ. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಬಸವೇಶ್ವರನಗರದ ನಮ್ಮ ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಬ್ರೋಕರ್ ತೋರಿಸಿದ ದಿನ ಇದ್ದ ಹಾಗೆ ಹೊಳೆಯುತ್ತಿರುತ್ತೆ. ಬಿರಿಯಾನಿ ತರಿಸಿಕೊಂಡು ತಿಂದು, ಗೋಡೆಗೆ ಒರಗಿ ಕೂತು, 'ಇನ್ಮೇಲೆ ಹೀಗೇ ಇಟ್ಕೋಬೇಕು' ಅಂತ ನಾನೂ ಹೆಂಡತಿಯೂ ಒಪ್ಪಂದಕ್ಕೆ ಬರುತ್ತೇವೆ. ಬುಧವಾರದ ಹೊತ್ತಿಗೆ ಊಟದ ಟೇಬಲ್ ಮೇಲೆ ಚಾರ್ಜರು, ಹೆಲ್ಮೆಟ್ಟು, ಕೊರಿಯರ್ ಡಬ್ಬ. ಸಿಂಕಿನಲ್ಲಿ ಹಿಂದಿನ ರಾತ್ರಿಯ ಮುಸುರೆ. ಕುರ್ಚಿ ಮೇಲೆ ಒಗೆದದ್ದೋ ಒಗೆಯಬೇಕಾದದ್ದೋ ಗೊತ್ತಾಗದ ಬಟ್ಟೆಯ ಗುಡ್ಡೆ.

ಈ ಕಥೆ ನಮ್ಮೊಬ್ಬರದೇ ಅಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೆ ವಿಷಯ ಎತ್ತಿ ನೋಡಿ. ವಿಜಯನಗರದಿಂದ ಬರುವವರು, ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಬರುವವರು, ಎಲ್ಲರಿಗೂ ಒಂದು ಭಾನುವಾರದ ಹುಚ್ಚು, ಒಂದು ಬುಧವಾರದ ಸೋಲು ಇದ್ದೇ ಇದೆ. ಒಬ್ಬ ರೋಬೋ ವ್ಯಾಕ್ಯೂಮ್ ತಂದಿದ್ದಾನೆ. ಅದು ಮಂಚದ ಕೆಳಗೆ ಸಾಕ್ಸ್ ನುಂಗಿ ನಿಂತಿದೆ. ಇನ್ನೊಬ್ಬಳು ಮೂರು ತಿಂಗಳಿಗೊಮ್ಮೆ ಡೀಪ್ ಕ್ಲೀನಿಂಗ್‌ನವರನ್ನು ಕರೆಸುತ್ತಾಳೆ. ನಾನು ದಿನಕ್ಕೊಂದು ಟಿಕ್ ಹಾಕುವ ಆ್ಯಪ್ ಇಟ್ಟುಕೊಂಡು ಹನ್ನೊಂದನೇ ದಿನ ಅದನ್ನು ಡಿಲೀಟ್ ಮಾಡಿದವನು.

ಇಂಥದ್ದೇ ಒಂದು ಭಾನುವಾರದ ಮಾರನೇ ಬೆಳಗ್ಗೆ ನಡೆದದ್ದು ಹೇಳ್ತೀನಿ. ಆರೂಮುಕ್ಕಾಲಿಗೆ ಕಸದ ಆಟೋ ಬಂತು, ವಿಶಲ್ ಕೇಳಿಸಿತು. ನಾನು ಬಕೆಟ್ ಗೇಟಿನ ಹತ್ತಿರ ಇಟ್ಟು ಮೇಲೆ ಬಂದು ಹಲ್ಲುಜ್ಜುತ್ತಿದ್ದೆ. ಕೆಳಗಿನಿಂದ 'ಅಯ್ಯೋ' ಅಂತ ಒಂದು ದನಿ. ಬಾಲ್ಕನಿಯಿಂದ ಬಗ್ಗಿ ನೋಡಿದರೆ, ದಿನಾ ಬರುವ ಪೌರಕಾರ್ಮಿಕ ಅಕ್ಕ ಎಡಗೈಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಿದ್ದರು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ನಮ್ಮ ಬಿಲ್ಡಿಂಗಿನ ಮೂರು ಮನೆಯ ಹಸಿ ಕಸ ಒಟ್ಟಿಗೆ ಸುರಿದುಕೊಂಡು, ಅದರಲ್ಲಿ ಸೇರಿದ್ದ ಪ್ಲಾಸ್ಟಿಕ್ ಆರಿಸುತ್ತಿದ್ದಾಗ ಒಡೆದ ಗಾಜು ಕೈಗೆ ಹೊಕ್ಕಿತ್ತು. ಹಿಂದಿನ ದಿನ ಅಡುಗೆಮನೆ ಕಟ್ಟೆ ಒರೆಸುವಾಗ ನನ್ನ ಕೈಯಿಂದಲೇ ಜಾರಿ ಒಡೆದ ಲೋಟ ಅದು. ನೆಲದಲ್ಲಿ ಒಂದು ಚೂರೂ ಉಳೀಬಾರದು ಅಂತ ಮೊಬೈಲ್ ಟಾರ್ಚ್ ಹಿಡಿದು ಗುಡಿಸಿದ್ದೆ. ಗುಡಿಸಿದ್ದನ್ನು ಎಲ್ಲಿಗೆ ಹಾಕ್ತಿದ್ದೀನಿ ಅಂತ ಮಾತ್ರ ಯೋಚಿಸಿರಲಿಲ್ಲ.

ಅಕ್ಕ ತಲೆಯೆತ್ತಿ ಮೂರೂ ಬಾಲ್ಕನಿ ನೋಡಿ ಕೇಳಿದರು: 'ಯಾರ ಮನೇದಮ್ಮ ಈ ಕಸ? ಗಾಜು ಹಾಕಿದ್ದೀರಲ್ಲ!'

ನಾನು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದೆ. ಉತ್ತರ ಕೊಡಲಿಲ್ಲ.

ಆವತ್ತಿನವರೆಗೆ ಮನೆ ಶುಚಿ ಅನ್ನೋದನ್ನ ನಾನು ಒಂದು ಟೆಕ್ನಿಕ್ ಅಂದುಕೊಂಡಿದ್ದೆ. ಸರಿಯಾದ ಸಾಮಾನು, ಸರಿಯಾದ ಸಮಯ, ಒಂದಿಷ್ಟು ಶಿಸ್ತು ಸಿಕ್ಕಿದರೆ ಅಭ್ಯಾಸ ತಾನಾಗೇ ಬರುತ್ತೆ ಅಂತ. ಆ ಸೋಮವಾರದಿಂದ ಒಂದು ಅನುಮಾನ ತಲೆಯಲ್ಲಿ ಕೂತಿದೆ. ನನಗೆ ಈ ಅಭ್ಯಾಸ ನಿಲ್ಲದೇ ಇರೋದಕ್ಕೂ, ಆ ಪ್ರಶ್ನೆಗೆ ಉತ್ತರ ಕೊಡದೆ ಹಿಂದೆ ಸರಿದದ್ದಕ್ಕೂ ಕಾರಣ ಒಂದೇ ಇರಬಹುದಾ?

ಮೊದಲು ಟೆಕ್ನಿಕ್ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಅದರಲ್ಲೂ ಹುರುಳಿದೆ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತೆ ಅನ್ನೋ ಮಾತು ನೀವು ಕೇಳಿರ್ತೀರಿ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕಡಿಮೆಯೆಂದರೂ ಇಪ್ಪತ್ತೊಂದು ದಿನ ಬೇಕು ಅಂತ ಆತ 1960ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಬರೆದಿದ್ದ. ಬಾಯಿಂದ ಬಾಯಿಗೆ ಹೋಗಿ ಅದು ಎಲ್ಲ ಅಭ್ಯಾಸಕ್ಕೂ ಸೂತ್ರವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಒಂದು ಹೊಸ ಕೆಲಸ ಯೋಚಿಸದೆ ಆಗಿಬಿಡುವ ಮಟ್ಟಕ್ಕೆ ಬರೋಕೆ ಹೆಚ್ಚುಕಮ್ಮಿ 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ ಲೆಕ್ಕ 254ರವರೆಗೂ ಹೋಗುತ್ತೆ. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗಲ್ಲ ಅಂತಲೂ ಗೊತ್ತಾಯಿತು. ಇನ್ನೊಂದು ವಿಷಯ: ಅಲ್ಲಿ ಪ್ರತಿಯೊಬ್ಬರೂ ತಮ್ಮ ಹೊಸ ಕೆಲಸವನ್ನು ದಿನಾ ಆಗುವ ಬೇರೊಂದು ಕೆಲಸದ ಬೆನ್ನಿಗೆ ಕಟ್ಟಿಕೊಂಡಿದ್ದರು. ತಿಂಡಿ ಆದಮೇಲೆ ಇದು, ಊಟಕ್ಕೆ ಮುಂಚೆ ಅದು, ಹೀಗೆ.

ಇದನ್ನು ಕಲಿಯೋಕೆ ಲಂಡನ್ನಿಗೆ ಹೋಗಬೇಕಾಗಿಲ್ಲ ಅಂತ ನೀವು ಹೇಳಬಹುದು. ನಿಜ. ನಮ್ಮ ರಸ್ತೆಯ ಕೊನೆ ಮನೆಯಲ್ಲೊಬ್ಬರು ಅಜ್ಜಿ ಇದ್ದಾರೆ. ಬೆಳಗ್ಗೆ ಐದೂವರೆಗೆ ಪೊರಕೆ ಸದ್ದು ಕೇಳಿದರೆ ಅವರು ಎದ್ದಿದ್ದಾರೆ ಅಂತ ಅರ್ಥ. ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ನಾಲ್ಕು ಎಳೆ ರಂಗೋಲಿ ಬಿಡುತ್ತಾರೆ. ಎಂಟು ಗಂಟೆಯೊಳಗೆ ಅದರ ಮೇಲೆ ಸ್ಕೂಟರ್ ಹೋಗಿರುತ್ತೆ, ನಾಯಿ ಮಲಗಿರುತ್ತೆ, ಅಮೆಜಾನಿನವನ ಬೂಟಿನ ಗುರುತು ಬಿದ್ದಿರುತ್ತೆ. ಅಜ್ಜಿಗೆ ಬೇಜಾರಿಲ್ಲ, ನಾಳೆ ಬೆಳಗ್ಗೆ ಮತ್ತೆ ಹಾಕೋದೇ ಅಲ್ವಾ. ನಾನು ಮಾಡುವ ತಪ್ಪು ಇಲ್ಲೇ ಇದೆ. ಮನೆ ಕ್ಲೀನಿಂಗ್‌ನ ನಾನು ಆಫೀಸಿನ ಪ್ರಾಜೆಕ್ಟ್ ಥರ ನೋಡ್ತೀನಿ: ಒಂದು ಸ್ಪ್ರಿಂಟ್, ಒಂದು ರಿಲೀಸ್, ಮುಗೀತು. ಅಜ್ಜಿಗೆ ಅದು ಸ್ನಾನದ ಥರ, ಊಟದ ಥರ. ನಿನ್ನೆ ಊಟ ಮಾಡಿದ್ದೆ, ಇವತ್ತೂ ಯಾಕೆ ಹಸಿವು ಅಂತ ಯಾರಾದರೂ ಸಿಟ್ಟು ಮಾಡಿಕೊಳ್ತಾರಾ?

ಹಾಗಂತ ಅಜ್ಜಿಯನ್ನು ಆದರ್ಶ ಮಾಡಿ ಇಲ್ಲಿಗೆ ಲೇಖನ ಮುಗಿಸಿದರೆ ಅದು ಮೋಸ. ಫೋನಿನಲ್ಲಿ ನಮ್ಮಮ್ಮನನ್ನ ಕೇಳಿದೆ, 'ನಿಂಗೆ ಈ ಅಭ್ಯಾಸ ಹೇಗೆ ಬಂತಮ್ಮ?' ಅಂತ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, 'ಅಭ್ಯಾಸ ಏನ್ ಬಂತು, ನಾನ್ ಮಾಡ್ದೆ ಇದ್ರೆ ಇನ್ಯಾರ್ ಮಾಡ್ತಿದ್ರೋ?' ಅಂದಳು. ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ಹೆಚ್ಚು ತಾಗಿತು. 2019ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ದಿನದ ಸಮಯವನ್ನು ಹೇಗೆ ಕಳೀತಾರೆ ಅಂತ ಒಂದು ಸಮೀಕ್ಷೆ ಮಾಡಿತು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸದಲ್ಲಿ ಕೈ ಹಾಕಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಹಾಗೆ ಕೈ ಹಾಕಿದವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಅಂದರೆ ನಮ್ಮಮ್ಮನಿಗೆ ದಿನಕ್ಕೆ ಐದು ಗಂಟೆಯ ಅಭ್ಯಾಸ ಇತ್ತು. ಅದಿದ್ದ ಕಾರಣಕ್ಕೇ ನನಗೆ ಯಾವ ಅಭ್ಯಾಸವೂ ಬರಲಿಲ್ಲ. ತಟ್ಟೆ ಸಿಂಕಿನಲ್ಲಿಟ್ಟರೆ ಅದು ತೊಳೆದು ಸ್ಟ್ಯಾಂಡಿಗೆ ಬರುತ್ತೆ ಅನ್ನೋದು ನನಗೆ ಸೂರ್ಯ ಮೂಡುವಷ್ಟೇ ಸಹಜವಾಗಿತ್ತು.

ಹೀಗೆ ನೋಡಿದರೆ ಅಭ್ಯಾಸ ಗಟ್ಟಿಯಾಗಿ ನಿಂತಿರೋದು ಬೇರೆ ದಾರಿ ಇಲ್ಲದವರಲ್ಲಿ. ದಾಟಿಸೋಕೆ ಇನ್ನೊಂದು ಕೈ ಇದ್ದವರಲ್ಲಿ ಅದು ನಿಲ್ಲೋದಿಲ್ಲ. ಇದಕ್ಕೆ ಇಡೀ ನಗರವೇ ಸಾಕ್ಷಿ. 2024ರ ಮಾರ್ಚ್ ನೆನಪಿದೆಯಾ? ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕ್ಯೂ ನಿಂತು, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ತಿಂಗಳು. ಆಗ ನಾವೆಲ್ಲ ಎಷ್ಟು ಒಳ್ಳೆಯವರಾಗಿದ್ದೆವು! ವಾಷಿಂಗ್ ಮೆಷಿನ್ನಿನ ಕೊನೇ ನೀರು ಹಿಡಿದು ನೆಲ ಒರೆಸಿದೆವು, ಆರ್‌ಒ ಬಿಡುವ ನೀರು ಗಿಡಕ್ಕೆ ಹಾಕಿದೆವು, ತರಕಾರಿ ತೊಳೆದ ನೀರನ್ನು ಫ್ಲಶ್‌ಗೆ ಇಟ್ಟುಕೊಂಡೆವು. ಅರವತ್ತಾರು ದಿನದ ಲೆಕ್ಕದಲ್ಲಿ ಅದು ಅಭ್ಯಾಸವೇ ಆಗಿಬಿಡಬೇಕಿತ್ತು. ಮಳೆ ಬಂತು, ನಲ್ಲಿ ತುಂಬಿತು, ಆ ಬಕೆಟ್ಟು ಎಲ್ಲಿಟ್ಟೆವು ಅಂತಲೂ ಮರೆತುಹೋಯಿತು. ಒತ್ತಾಯದಿಂದ ಬಂದದ್ದು ಒತ್ತಾಯದ ಜೊತೆಗೇ ಹೋಯಿತು.

ಹಾಗಾದರೆ ನಿಜವಾದ ಪ್ರಶ್ನೆ ಇದು: ಬೇರೆಯವರ ಮೇಲೆ ಸುಲಭವಾಗಿ ದಾಟಿಸಬಹುದಾದ ಒಂದು ಕೆಲಸವನ್ನು, ಯಾರೂ ಒತ್ತಾಯ ಮಾಡದೆ ಇರುವಾಗ, ನನ್ನದು ಅಂತ ಇಟ್ಟುಕೊಳ್ಳೋದು ಸಾಧ್ಯವಾ? ಸಾಧ್ಯವಿದ್ದರೂ, ಯಾಕೆ ಇಟ್ಟುಕೊಳ್ಳಬೇಕು?

ಕೊಳೆ ಅಂದರೇನು ಅಂತ ಯೋಚಿಸಿದರೆ ಒಂದು ದಾರಿ ಸಿಗುತ್ತೆ. ಮೇರಿ ಡಗ್ಲಸ್ ಅನ್ನುವ ಬ್ರಿಟಿಷ್ ಮಾನವಶಾಸ್ತ್ರಜ್ಞೆ 1966ರಲ್ಲಿ ಶುಚಿ-ಅಶುಚಿಗಳ ಬಗ್ಗೆ ಒಂದು ಪುಸ್ತಕ ಬರೆದರು. ಅವರ ವಾದವನ್ನು ನಮ್ಮ ಮನೆ ಭಾಷೆಯಲ್ಲಿ ಹೀಗೆ ಹೇಳಬಹುದು. ತಟ್ಟೆಯಲ್ಲಿದ್ದಾಗ ಸಾರು ಊಟ, ಅಂಗಿ ಮೇಲೆ ಬಿದ್ದರೆ ಕಲೆ. ತಲೆಯಲ್ಲಿದ್ದಾಗ ಕೂದಲು ಚೆಂದ, ಅನ್ನದಲ್ಲಿ ಸಿಕ್ಕರೆ ಹೇಸಿಗೆ. ಚಪ್ಪಲಿ ಬಾಗಿಲಾಚೆ ಇದ್ದರೆ ಸರಿ, ದೇವರ ಮನೆಯಲ್ಲಿದ್ದರೆ ಅಪಚಾರ. ವಸ್ತು ಅದೇ, ಜಾಗ ಬೇರೆ. ಇದನ್ನು ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕಾಗುತ್ತೆ: ಕ್ಲೀನ್ ಮಾಡೋದು ಅಂದರೆ ಕೊಳೆಯನ್ನು ಇಲ್ಲದಂತೆ ಮಾಡೋದಲ್ಲ, ಜಾಗ ಬದಲಿಸೋದು. ನಾನು ಟಾರ್ಚ್ ಹಿಡಿದು ಗುಡಿಸಿದ ಗಾಜು ನನ್ನ ಹೆಂಡತಿಯ ಕಾಲಿಗೆ ಚುಚ್ಚಲಿಲ್ಲ. ಅಕ್ಕನ ಕೈಗೆ ಚುಚ್ಚಿತು. ಮನೆ ಶುಚಿಯಾದದ್ದು ಸುಳ್ಳಲ್ಲ, ಆದರೆ ಅದರ ಬೆಲೆ ಬೇರೆಯವರು ಕೊಟ್ಟರು.

ನಮ್ಮ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಈ ಜಾಗ ಬದಲಾವಣೆಯನ್ನು ಕಣ್ಣಾರೆ ನೋಡಬಹುದು. ಕೆಂಗೇರಿಯಲ್ಲಿರುವ ಗೆಳೆಯನ ಮನೆ ಕನ್ನಡಿ ಥರ ಇರುತ್ತೆ. ಆದರೆ ಸಂಜೆಯಾದರೆ ಅವನು ಕಿಟಕಿ ಹಾಕುತ್ತಾನೆ. 'ನಿಮ್ಮ ರಾಜಾಜಿನಗರ, ಬಸವೇಶ್ವರನಗರದ ಬಾತ್‌ರೂಮೆಲ್ಲಾ ನಮ್ಮನೆ ಹಿಂದೆ ಹರಿಯುತ್ತೆ ಕಣೋ' ಅಂತ ನಗುತ್ತಾನೆ. ಅವನು ಹೇಳೋದು ವೃಷಭಾವತಿ ಬಗ್ಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತೆ ಅಂತ ಜನ ನಂಬಿದ ನದಿ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಪಕ್ಕದಲ್ಲಿ ಹಾದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗಿ, ಮುಂದೆ ಅರ್ಕಾವತಿ ಸೇರುತ್ತೆ. ಅರ್ಕಾವತಿ ಕಾವೇರಿ ಸೇರುತ್ತೆ. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆ ತಂದ ಕಾವೇರಿಯನ್ನು ನಾವು ಫಿನಾಯಿಲ್, ಆ್ಯಸಿಡ್, ಸೋಪಿನ ನೊರೆ ಬೆರೆಸಿ ವಾಪಸ್ ಕಳಿಸುತ್ತೇವೆ. ಮಧ್ಯದಲ್ಲಿ ಸಿಗುವ ಊರುಗಳ ಹೊಲಕ್ಕೆ ಅದೇ ನೀರು. ಭಾನುವಾರ ನಾನು ಬಕೆಟ್ಟಿಗೆ ಎರಡು ಮುಚ್ಚಳ ಹಾಕುವಾಗ ಈ ನಕ್ಷೆ ನನ್ನ ತಲೆಯಲ್ಲಿ ಒಂದು ದಿನವೂ ಬಂದಿರಲಿಲ್ಲ.

ಕಸದ್ದೂ ಇದೇ ಕಥೆ. 2012ರಲ್ಲಿ ಮಾವಳ್ಳಿಪುರದವರು ಸಾಕು ಅಂದಾಗ ಊರಿನ ರಸ್ತೆಗಳಲ್ಲಿ ಕಸದ ರಾಶಿ ಬಿತ್ತು. ಆಮೇಲೆ ಮಂಡೂರಿನವರು ಸಾಕು ಅಂದರು. 2014ರ ಕೊನೆಗೆ ಅಲ್ಲೂ ನಿಂತಿತು. ನಮ್ಮ ಕಡೆ ಮಾಗಡಿ ರಸ್ತೆಯಲ್ಲಿ ಮುಂದೆ ಹೋದರೆ ಕನ್ನಹಳ್ಳಿ, ಸೀಗೇಹಳ್ಳಿಗಳ ಕಸದ ಘಟಕಗಳು. ವಾಸನೆ ತಾಳಲಾರದೆ ಸುತ್ತಮುತ್ತಲಿನವರು ಬೀದಿಗಿಳಿದ ಜಾಗಗಳು ಇವು. ಹಸಿ, ಒಣ ಬೇರೆ ಮಾಡಿದ್ದರೆ ಹಸಿಯದ್ದು ಗೊಬ್ಬರವಾಗುತ್ತೆ, ಒಣಗಿದ್ದು ಮಾರಾಟವಾಗುತ್ತೆ. ಬೆರೆತರೆ ಎರಡೂ ಕೆಡುತ್ತೆ, ಕೊಳೆತು ರಸ ಬಿಟ್ಟು ನೆಲದೊಳಗಿನ ನೀರಿಗೆ ಇಳಿಯುತ್ತೆ. ಅದಕ್ಕೇ ಹೈಕೋರ್ಟು 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ನಿಯಮ ಹೇಳಿದ್ದು: ಹಸಿಗೆ ಹಸಿರು, ಪ್ಯಾಡು-ಡೈಪರಿನಂಥದಕ್ಕೆ ಕೆಂಪು, ಒಣದಕ್ಕೆ ಚೀಲ. ಇಷ್ಟು ವರ್ಷ ಆದಮೇಲೂ ಅಕ್ಕ ನಮ್ಮನೆ ಬುಟ್ಟಿಗೆ ಕೈ ಹಾಕಿ ಆರಿಸಬೇಕಾಗಿತ್ತು. 2025ರ ಅಕ್ಟೋಬರ್ ಕೊನೆಗೆ 'ಕಸ ಸುರಿಯುವ ಹಬ್ಬ' ಅಂತ ನಡೆಯಿತಲ್ಲ, ರಸ್ತೆಬದಿ ಕಸ ಎಸೆದವರನ್ನು ಪತ್ತೆ ಮಾಡಿ ಅವರ ಮನೆ ಬಾಗಿಲಿಗೇ ತಂದು ಸುರಿದದ್ದು, ಆ ವಿಡಿಯೋ ನೋಡಿ ನಾನೂ ಬಿದ್ದು ಬಿದ್ದು ನಕ್ಕಿದ್ದೆ. ನಕ್ಕಾದ ಮೇಲೆ ಲೋಟ ನೆನಪಾಯಿತು.

ಈ ಜಾಗ ಬದಲಾವಣೆಗೆ ನಮ್ಮಲ್ಲಿ ಒಂದು ಹಳೇ ಹೆಸರೂ ಇದೆ: ಮಡಿ. ಮಡಿಯಲ್ಲಿ ಒಳಗಿನದು ಶುದ್ಧವಾಗಿರಬೇಕು, ಮೈಲಿಗೆ ಹೊರಗೆ ಹೋಗಬೇಕು. ಹೊರಗೆ ಹೋದದ್ದನ್ನು ಎತ್ತುವವರೇ ಮೈಲಿಗೆ ಅಂತ ಆಮೇಲೆ ಲೆಕ್ಕ. ಕೊಳೆ ಮಾಡಿದವರು ಶುದ್ಧರು, ತೆಗೆದವರು ಅಶುದ್ಧರು. ಇದಕ್ಕಿಂತ ತಲೆಕೆಳಗಾದ ಲೆಕ್ಕ ಇನ್ನೊಂದಿರಲಾರದು. ನಾವು ಅದನ್ನೆಲ್ಲ ಬಿಟ್ಟಿದ್ದೇವೆ ಅಂದುಕೊಂಡಿದ್ದೇವೆ. ಮನೆಗೆಲಸದವರಿಗೆ ಬೇರೆ ಲೋಟ ಇಡುವ ಮನೆಗಳು, ಬೇರೆ ಲಿಫ್ಟ್ ತೋರಿಸುವ ಅಪಾರ್ಟ್‌ಮೆಂಟುಗಳು ಎಷ್ಟಿವೆ ನಿಮಗೇ ಗೊತ್ತು. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಪಾಯಖಾನೆಯ ಗಲೀಜು ತೋರಿಸಿದಾಗ ಸ್ವಯಂಸೇವಕರು ಅದು ನಮ್ಮ ಕೆಲಸ ಅಲ್ಲ ಅಂದಿದ್ದರಂತೆ. ಗಾಂಧೀಜಿ ತಾವೇ ಪೊರಕೆ ತರಿಸಿಕೊಂಡು ಗುಡಿಸಿದರು.

ಬಸವೇಶ್ವರನಗರದಲ್ಲಿ ಕೂತು ಬರೆಯುತ್ತಿರುವವನಿಗೆ ಇನ್ನೂ ಹತ್ತಿರದ ಒಂದು ಹೆಸರು ನೆನಪಾಗಬೇಕು. ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕ. ಶಿವಭಕ್ತರ ಮನೆಯ ಅಂಗಳ ಗುಡಿಸೋದು ಅವಳ ಕಾಯಕ. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು, ವಸ್ತ್ರ ಬಿದ್ದಿದ್ದರೂ ಮುಟ್ಟುವುದಿಲ್ಲ ಅಂತ ವಚನದಲ್ಲಿ ಆಣೆ ಇಟ್ಟವಳು. ಮೊದಲೆಲ್ಲ ನಾನು ಇದನ್ನು ಪ್ರಾಮಾಣಿಕತೆಯ ಪಾಠವಾಗಿ ಓದಿದ್ದೆ. ಈಗ ಬೇರೆ ಥರ ಕಾಣುತ್ತೆ. ಗುಡಿಸುವವಳಿಗೆ ಊರಿನವರು ಬೀಳಿಸಿದ್ದು, ಬಿಸಾಕಿದ್ದು, ಬಚ್ಚಿಟ್ಟದ್ದು ಎಲ್ಲ ಕಾಣುತ್ತೆ. ಯಾವುದು ತನ್ನದು, ಯಾವುದು ತನ್ನದಲ್ಲ ಅನ್ನುವ ಗೆರೆ ಅವಳಿಗೆ ಸ್ಪಷ್ಟವಾಗಿತ್ತು. ಬೇರೆಯವರ ಹೊನ್ನು ನನ್ನದಲ್ಲ ಅಂತ ಅವಳು ಹೇಳಿದಳು. ನನ್ನ ಲೋಟದ ಚೂರು ನನ್ನದು ಅಂತ ಹೇಳೋಕೆ ನನಗಾಗಲಿಲ್ಲ.

ಇಲ್ಲಿ ನೀವು ತಡೆಯಬಹುದು. 'ಆಸ್ತಿ ತೆರಿಗೆ, ಕಸದ ಶುಲ್ಕ ಯಾವುದಾದರೂ ರೂಪದಲ್ಲಿ ನಾವೇ ಕೊಡ್ತೀವಿ. ಮನೆಗೆಲಸದವರಿಗೆ ಸಂಬಳ ಕೊಡ್ತೀವಿ. ಅದು ಅವರ ಕೆಲಸ, ಇದು ನಮ್ಮ ಕೆಲಸ. ಎಲ್ಲರೂ ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕು ಅಂದರೆ ಊರು ನಡೆಯುತ್ತಾ?' ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ನಾನು ನನ್ನ ಕಸವನ್ನು ಹೊತ್ತುಕೊಂಡು ಕನ್ನಹಳ್ಳಿಗೆ ಹೋಗಬೇಕಾಗಿಲ್ಲ. ಕೆಲಸ ಹಂಚಿಕೊಳ್ಳೋದರಲ್ಲಿ ಅವಮಾನವೂ ಇಲ್ಲ, ಅನ್ಯಾಯವೂ ಇಲ್ಲ, ಕೊಡಬೇಕಾದದ್ದನ್ನು ಸರಿಯಾಗಿ ಕೊಟ್ಟರೆ. ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಮೊದಮೊದಲು ಸೇರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದೂ 2004ರಲ್ಲಿ. ನಿಮ್ಮ ಮನೆಗೆ ಬರುವವರಿಗೆ ವಾರದ ರಜೆ ಇದೆಯಾ, ಹುಷಾರಿಲ್ಲದ ದಿನ ಸಂಬಳ ಹಿಡಿತೀರಾ ಅಂತ ಒಮ್ಮೆ ಕೇಳಿಕೊಂಡರೆ ಈ ವಾದ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಸತ್ಯಕ್ಕನ ಹೆಸರು ಹೇಳಿ ಕೈ ಮುಗಿದು ಸಂಬಳದ ವಿಷಯಕ್ಕೆ ಕಿವುಡಾಗೋದು ಬೇಡ.

ಆದರೆ ಸಂಬಳ, ಶುಲ್ಕ ಎರಡೂ ಸರಿಯಾಗಿ ಕೊಟ್ಟ ಮೇಲೂ ದಾಟಿಸಲಾಗದ ಒಂದಿಷ್ಟು ಉಳಿಯುತ್ತೆ. ಬುಟ್ಟಿಯಲ್ಲಿ ಏನಿದೆ ಅನ್ನೋದು ನನಗೆ ಮಾತ್ರ ಗೊತ್ತು. ಗಾಜು ಯಾವ ಕವರಿನಲ್ಲಿದೆ, ಬ್ಲೇಡ್ ಎಲ್ಲಿದೆ, ಬಾತ್‌ರೂಮಿಗೆ ನಿನ್ನೆ ಬ್ಲೀಚಿಂಗ್ ಪೌಡರ್ ಹಾಕಿದ್ದೆ, ಅದರ ಮೇಲೆ ಇವತ್ತು ಆ್ಯಸಿಡ್ ಸುರಿದರೆ ವಿಷದ ಗಾಳಿ ಏಳುತ್ತೆ, ಇದೆಲ್ಲ ಕೊಳೆ ಮಾಡಿದವನಿಗೆ ಗೊತ್ತಿರುವ ವಿಷಯ. ತೆಗೆಯುವವರು ಕೈ ಹಾಕಿಯೇ, ಉಸಿರೆಳೆದೇ ತಿಳಿಯಬೇಕು. ಅಷ್ಟನ್ನು ಮಾಡೋದಕ್ಕೆ ದುಡ್ಡು ಬೇಡ, ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಯಾರೂ ನನ್ನ ಪರವಾಗಿ ಮಾಡಲಾರರು.

ಇನ್ನೊಂದು ತಕರಾರು ಸುಸ್ತಿನದ್ದು. ಒಂಬತ್ತು ಗಂಟೆ ಕೆಲಸ, ಮೇಲೆ ಮೆಟ್ರೋದಲ್ಲಿ ಎರಡು ಗಂಟೆ ನಿಂತುಕೊಂಡು ಬಂದವರಿಗೆ ನೀತಿಪಾಠ ಯಾಕೆ ಅಂತ. ಇದಕ್ಕೆ ನನ್ನ ಉತ್ತರ ಸ್ವಲ್ಪ ವಿಚಿತ್ರ: ಕಡಿಮೆ ಕ್ಲೀನ್ ಮಾಡಿ. ಮನೆ ಹೋಟೆಲ್ ರೂಮಿನ ಥರ ಹೊಳೆಯಬೇಕು ಅನ್ನೋದು ಜಾಹೀರಾತಿನವರು ನಮಗೆ ಹಾಕಿದ ಸಾಲ. ನಮ್ಮ ಹಿರಿಯರು ಅಟ್ಟ ಇಳಿಸಿ ಧೂಳು ಹೊಡೆಯುತ್ತಿದ್ದದ್ದು ಯುಗಾದಿಗೆ, ಗೌರಿ ಹಬ್ಬಕ್ಕೆ, ಆಯುಧಪೂಜೆಗೆ, ತಿಂಗಳಿಗೊಮ್ಮೆ ಅಲ್ಲ. ಫ್ಯಾನಿನ ಮೇಲಿನ ಧೂಳು ಯಾರ ಕೈಯನ್ನೂ ಕುಯ್ಯೋದಿಲ್ಲ, ಇರಲಿ ಬಿಡಿ. ಎರ್ರಾಬಿರ್ರಿ ಫಿನಾಯಿಲ್ ಸುರಿಯೋದು ನಿಂತರೆ ವೃಷಭಾವತಿಗೂ ಅಷ್ಟು ಉಪಕಾರ. ಹೊಳಪಿನ ಆಸೆ ಕಮ್ಮಿಯಾದರೆ ಬೇರೆಯವರಿಗೆ ದಾಟಿಹೋಗುವ ಕೊಳೆಯ ಕಡೆ ಗಮನ ಕೊಡೋಕೆ ಸಮಯ ಸಿಗುತ್ತೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅನ್ನೋದಕ್ಕೆ ನನಗೀಗ ಇದೇ ಅಳತೆ: ಇದನ್ನು ನಾನು ಮಾಡದಿದ್ದರೆ ಯಾರ ಕೈಗೆ ಹೋಗುತ್ತೆ?

ಈ ಅಳತೆ ಇಟ್ಟುಕೊಂಡ ಮೇಲೆ ನಮ್ಮ ಮನೆಯಲ್ಲಿ ಮೂರು ಅಭ್ಯಾಸ ಉಳಿದಿವೆ. ರಾತ್ರಿ ಮಲಗೋಕೆ ಮುಂಚೆ ಸಿಂಕು ಖಾಲಿ. ಬೆಳಗ್ಗೆ ಬರುವವರು ಇನ್ನೊಬ್ಬರ ಎಂಜಲಿನಿಂದ ದಿನ ಶುರುಮಾಡಬಾರದು. ಬೆಳಗ್ಗೆ ಫಿಲ್ಟರ್ ತೊಳೆಯುವಾಗ ಕಾಫಿ ಚರಟದ ಜೊತೆಗೇ ಹಸಿ ಬುಟ್ಟಿಯನ್ನೊಮ್ಮೆ ನೋಡೋದು; ಅದರಲ್ಲಿ ಕವರು, ಡಬ್ಬ ಸೇರಿದ್ದರೆ ತೆಗೆಯೋದು. ಮೂರನೆಯದು, ಬಾತ್‌ರೂಮು ಇಡಿಯಾಗಿ ನನ್ನದು, ಅಡುಗೆಮನೆ ಕಟ್ಟೆ ಇಡಿಯಾಗಿ ಹೆಂಡತಿಯದು, ತಿಂಗಳಿಗೊಮ್ಮೆ ಅದಲು ಬದಲು. 'ಹೆಲ್ಪ್ ಮಾಡ್ತೀನಿ' ಅನ್ನೋ ಪದ ಮನೆಯಲ್ಲಿ ನಿಷೇಧ, ಹೆಂಡತಿಯ ಆಜ್ಞೆ. ಹೆಲ್ಪ್ ಅಂದ ಕೂಡಲೇ ಕೆಲಸ ಅವಳದಾಗಿಬಿಡುತ್ತಂತೆ. ದಿನ ತಪ್ಪುತ್ತೆ, ತಪ್ಪಿದ ದಿನ ಗೊತ್ತಾಗುತ್ತೆ. ಆ್ಯಪಿನಲ್ಲಿ ಟಿಕ್ ತಪ್ಪಿದಾಗ ಬೇಜಾರಾಗುತ್ತಿದ್ದದ್ದು ನನ್ನ ಬಗ್ಗೆ. ಈಗ ಬೇಜಾರಾದರೆ ಒಂದು ಮುಖ ಕಣ್ಣ ಮುಂದೆ ಬರುತ್ತೆ.

ಆ ಮುಖಕ್ಕೆ ನಾನು ಉತ್ತರ ಕೊಟ್ಟದ್ದು ಗುರುವಾರ. ಎರಡು ದಿನ ಅಕ್ಕನ ಬದಲು ಬೇರೆಯವರು ಬಂದಿದ್ದರು. ಗುರುವಾರ ವಿಶಲ್ ಕೇಳಿಸಿತು, ಇಳಿದು ಹೋದೆ. ಬೆರಳಿಗೆ ಬಟ್ಟೆ ಸುತ್ತಿತ್ತು. 'ಅವತ್ತು ಆ ಗಾಜು ನಮ್ಮನೇದು ಅಕ್ಕ. ತಪ್ಪಾಯ್ತು' ಅಂದೆ. ಅಕ್ಕ ಬಕೆಟ್ ಎತ್ತಿಕೊಳ್ಳುತ್ತಲೇ, 'ಗೊತ್ತಿತ್ತು ಬಿಡಿ ಸಾರ್. ಜೊತೇಲಿ ಬಿರಿಯಾನಿ ಡಬ್ಬ ಇತ್ತಲ್ಲ. ಭಾನುವಾರ ಬಿರಿಯಾನಿ ತರ್ಸೋದು ಈ ಬಿಲ್ಡಿಂಗಲ್ಲಿ ನೀವೇ' ಅಂದರು.

'ಮತ್ಯಾಕೆ ಬಂದು ಹೇಳಲಿಲ್ಲ?'

'ಹೇಳಿ ಏನ್ ಮಾಡೋದು ಸಾರ್. ದಿನಾ ಯಾರದೋ ಒಬ್ಬರದು ಇದ್ದೇ ಇರುತ್ತೆ.'

ಆಸ್ಪತ್ರೆಯ ಖರ್ಚು, ಕೆಲಸ ತಪ್ಪಿದ ದಿನಗಳ ದುಡ್ಡು ಕೊಟ್ಟೆ. ತೆಗೆದುಕೊಂಡರು. ಅದರಿಂದ ಲೆಕ್ಕ ಸರಿಹೋಯಿತು ಅಂತ ನಾನೂ ಅಂದುಕೊಂಡಿಲ್ಲ, ಅವರೂ ಅಂದುಕೊಂಡ ಹಾಗೆ ಕಾಣಲಿಲ್ಲ. 'ಇನ್ಮೇಲೆ ಪೇಪರಲ್ಲಿ ಸುತ್ತಿ ಕೈಗೇ ಕೊಡಿ' ಅಂದರು, ಅಷ್ಟೇ.

ಮೊನ್ನೆ ಶನಿವಾರ ಉಪ್ಪಿನಕಾಯಿ ಬಾಟಲಿ ಒಡೆಯಿತು. ಚೂರುಗಳನ್ನು ಹಳೇ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ದಾರ ಕಟ್ಟಿ, ಮೇಲೆ ದಪ್ಪ ಪೆನ್ನಿನಲ್ಲಿ 'ಗಾಜು' ಅಂತ ಬರೆದು ಇಟ್ಟೆ. ನೆಲದಲ್ಲಿ ಎಣ್ಣೆಯ ಜಿಡ್ಡು ಇನ್ನೂ ಪೂರ್ತಿ ಹೋಗಿಲ್ಲ. ಭಾನುವಾರ ಆರೂಮುಕ್ಕಾಲಿಗೆ ಗೇಟಿನ ಹತ್ತಿರ ನಿಂತಿದ್ದೆ. ಅಕ್ಕ ಪೊಟ್ಟಣ ಇಸ್ಕೊಂಡು, ತಿರುಗಿಸಿ ನೋಡಿ, ಡ್ರೈವರ್ ಸೀಟಿನ ಪಕ್ಕ ಬೇರೆಯಾಗಿ ಇಟ್ಟರು. ಆಮೇಲೆ ಪಕ್ಕದ ಮನೆ ಬಕೆಟ್ ಬಗ್ಗಿಸಿ ನೋಡುತ್ತಾ, 'ಇದರಲ್ಲಿ ಏನಿದ್ಯೋ' ಅಂದರು.